ಹಾಸಿಗೆಯಿಂದ ಬಚ್ಚಲವರೆಗೆ: ಮಲೆನಾಡಿನ ಮನೆಯನ್ನು ವಯಸ್ಸಿಗೆ ಹೊಂದಿಸುವುದು ಹೇಗೆ?

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮೂರು ವರ್ಷದ ಹಿಂದೆ ಆಷಾಢದ ಒಂದು ರಾತ್ರಿ ಅಮ್ಮ ಬಚ್ಚಲಿಗೆ ಹೋದವರು ಜಾರಿ ಬಿದ್ದರು. ಕರೆಂಟು ಇರಲಿಲ್ಲ. ಹೆಂಚಿನ ಮೇಲೆ ಮಳೆ ಹೇಗೆ ಬಡಿಯುತ್ತಿತ್ತು ಅಂದರೆ, ಅವರು ಕೂಗಿದ್ದು ನಡುಮನೆಯಲ್ಲಿ ಮಲಗಿದ್ದ ನನಗೆ ಎಷ್ಟೋ ಹೊತ್ತು ಕೇಳಿಸಲೇ ಇಲ್ಲ. ಓಡಿ ಹೋದರೆ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಚಿಲಕ ಕಿತ್ತರೂ ಬಾಗಿಲು ತೆರೆಯಲಿಲ್ಲ, ಯಾಕೆಂದರೆ ಅದು ಒಳಕ್ಕೆ ತೆರೆಯುವ ಬಾಗಿಲು, ಅಮ್ಮ ಅದಕ್ಕೆ ಅಡ್ಡಲಾಗಿ ಬಿದ್ದಿದ್ದರು. ಅವರ ಕೈಯಲ್ಲಿ ಟವೆಲ್ ರಾಡು ಇತ್ತು. ಬೀಳುವಾಗ ಅದನ್ನೇ ಹಿಡಿದಿದ್ದರು. ಎರಡು ಸ್ಕ್ರೂ, ಒಂದು ಹಿಡಿ ಮಣ್ಣು, ರಾಡು, ಎಲ್ಲಾ ಒಟ್ಟಿಗೆ ಕಿತ್ತು ಬಂದಿತ್ತು.

ಮಣಿಕಟ್ಟಿನ ಮೂಳೆ ಮುರಿಯಿತು. ಸೊಂಟ ಉಳಿಯಿತು, ಅದು ನಮ್ಮ ಪುಣ್ಯ. ಆಗ ಅಮ್ಮನಿಗೆ 81. ಅಲ್ಲಿಂದ ಈಚೆಗೆ ಮನೆಯಲ್ಲಿ ಒಂದೊಂದೇ ಬದಲಾವಣೆ ಮಾಡುತ್ತಾ ಬಂದಿದ್ದೇವೆ. ಕೆಲವು ಸರಿಯಾದವು, ಕೆಲವನ್ನು ಕಿತ್ತು ಮತ್ತೆ ಮಾಡಿಸಿದೆವು. ಅಪ್ಪ ಅಮ್ಮನನ್ನು ಊರಮನೆಯಲ್ಲಿ ಬಿಟ್ಟು ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಇರುವವರಿಗೂ, 50 ದಾಟಿ ಹೊಸ ಮನೆ ಕಟ್ಟಲು ಹೊರಟವರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ರಾತ್ರಿ ನಡೆದು ನೋಡಿ

ಮೇಸ್ತ್ರಿಯನ್ನು ಕರೆಯುವ ಮೊದಲು ಈ ಕೆಲಸ ಮಾಡಿ. ರಾತ್ರಿ ಎಲ್ಲಾ ದೀಪ ಆರಿಸಿ. ಮನೆಯ ಹಿರಿಯರು ಮಲಗುವ ಹಾಸಿಗೆಯಿಂದ ಎದ್ದು, ಅವರು ನಡೆಯುವಷ್ಟೇ ನಿಧಾನವಾಗಿ ಕಕ್ಕಸಿನವರೆಗೆ ಹೋಗಿ ಬನ್ನಿ. ಜೇಬಿನಲ್ಲಿ ಒಂದು ಸೀಮೆಸುಣ್ಣ ಇರಲಿ. ಕೈ ತಾನಾಗಿ ಗೋಡೆ, ಕಂಬ, ಬಾಗಿಲಿನ ಕಡೆ ಹೋದಲ್ಲೆಲ್ಲಾ ಒಂದು ಗೆರೆ ಎಳೆಯಿರಿ. ಕಾಲು ಎಡವಿದಲ್ಲಿ, ಬಗ್ಗಬೇಕಾದಲ್ಲಿ, ಕಾಲಡಿ ತಣ್ಣಗೆ ಒದ್ದೆ ಅನ್ನಿಸಿದಲ್ಲಿ ನೆಲಕ್ಕೆ ಒಂದು ಸುತ್ತು ಹಾಕಿ.

ಮರುದಿನ ಅದೇ ದಾರಿಯಲ್ಲಿ ಹಿರಿಯರನ್ನು ನಡೆಯಲು ಹೇಳಿ, ಸುಮ್ನೆ ಹಿಂದೆ ನಿಂತು ನೋಡಿ. ನಿಮ್ಮ ಗೆರೆ ಮತ್ತು ಅವರ ಕೈ ಒಂದೇ ಕಡೆ ಹೋಗುವುದಿಲ್ಲ. ನಮ್ಮಮ್ಮ ಗೋಡೆ ಹಿಡಿಯುತ್ತಿರಲಿಲ್ಲ, ಬತ್ತದ ಪಣತದ, ಅಂದರೆ ಬತ್ತ ತುಂಬಿಡುವ ಕಣಜದ, ಅಂಚನ್ನು ಹಿಡಿದು ತಿರುಗುತ್ತಿದ್ದರು. ಪಣತ ತೆಗೆದು ಜಾಗ ಬಿಡಿಸೋಣ ಅಂತ ನಾವು ಮಾತಾಡಿಕೊಂಡಿದ್ದೆವು! ಅದನ್ನು ತೆಗೆದಿದ್ದರೆ ಅವರ ಕೈಗೆ ಏನೂ ಸಿಗುತ್ತಿರಲಿಲ್ಲ.

ನಮ್ಮ ಹಳೆ ಮನೆಗಳಲ್ಲಿ ಈ ಒಂದು ದಾರಿಯಲ್ಲೇ ಎಷ್ಟು ಕಷ್ಟ ಇದೆ ನೋಡಿ. ಕೋಣೆಯ ಹೊಸ್ತಿಲು, ನಡುಮನೆಯ ಹೊಸ್ತಿಲು, ಅಡುಗೆ ಮನೆ ಪಕ್ಕದ ಇಕ್ಕಟ್ಟು, ಹಿತ್ತಲ ಕಡೆಗೆ ಒಂದು ಮೆಟ್ಟಿಲು ಇಳಿತ, ಹೊಗೆ ಹಿಡಿದು ಕಪ್ಪಾದ ಬಚ್ಚಲು. ಕಕ್ಕಸು ಇನ್ನೂ ಆಚೆ, ಸೂರು ದಾಟಿ. ಹಗಲಿನಲ್ಲಿ ಇದು ದಾರಿಯೇ ಅಲ್ಲ ಅನ್ನುವಷ್ಟು ಹತ್ತಿರ. ಮಳೆಗಾಲದ ರಾತ್ರಿ ಎರಡು ಗಂಟೆಗೆ ಅದೇ ದಾರಿ ಬೇರೆ. ಹಣ ಕಡಿಮೆ ಇದ್ದರೆ ಈ ದಾರಿಯೊಂದನ್ನೇ ಸರಿ ಮಾಡಿ, ಉಳಿದದ್ದು ಆಮೇಲೆ ಆಗಲಿ.

ಕೆಲಸ ಯಾವಾಗ ಹಿಡಿಯಬೇಕು

ಅಡಿಕೆ ಕೊಯ್ಲು ಮುಗಿಯುವ ತನಕ ನಮ್ಮ ಕಡೆ ಆಳು ಸಿಗುವುದಿಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಶುರು ಮಾಡಿ ಮೇ ಎರಡನೇ ವಾರದೊಳಗೆ ಮುಗಿಸಿ. ಗಾರೆ, ಕಾಂಕ್ರೀಟು ಚೆನ್ನಾಗಿ ಕ್ಯೂರ್ ಆಗಿ ಒಣಗಲು ಸಮಯ ಬೇಕು. ಜೂನ್ ಬಂದ ಮೇಲೆ ಯಾವುದೂ ಒಣಗುವುದಿಲ್ಲ. ಇನ್ನೊಂದು ಮಾತು, ಬಿದ್ದ ಮೇಲೆ ಮಾಡಿಸೋಣ ಅಂತ ಕಾಯಬೇಡಿ. ಕೈಕಾಲು ಗಟ್ಟಿ ಇರುವಾಗಲೇ ಹೊಸ ಕಂಬಿ, ಹೊಸ ದಾರಿ ಅಭ್ಯಾಸ ಆಗಬೇಕು.

ಬಚ್ಚಲು, ಕಕ್ಕಸು

ಮಲಗುವ ಕೋಣೆಗೆ ಅಂಟಿಕೊಂಡ ಒಂದು ಬಚ್ಚಲು, ಕಮೋಡ್ ಮಾಡಿಸಲು ಆಗುತ್ತದೆ ಅಂದರೆ ಹಿಂದೆ ಮುಂದೆ ನೋಡಬೇಡಿ. ಎಲ್ಲಕ್ಕಿಂತ ಹೆಚ್ಚು ಉಪಯೋಗ ಆಗುವುದು ಅದೇ. ಹಳೆ ಮನೆಯಲ್ಲಿ ಒಳಗೆ ಕಕ್ಕಸು ಬೇಡ ಅನ್ನುವ ಹಿರಿಯರು ಇರುತ್ತಾರೆ. ನಮ್ಮಮ್ಮನೂ ಹಾಗೇ ಅಂದರು. ಆಗ ಕೋಣೆಯ ಹೊರಗೋಡೆಗೆ ಒಂದು ಬಾಗಿಲು ಇಟ್ಟು, ಆಚೆ ಕಡೆ ಹೊಸದಾಗಿ ಕಟ್ಟಿ, ಮನೆಯ ಸೂರನ್ನೇ ಅದರ ಮೇಲೆ ಇಳಿಸಿದೆವು. ಲೆಕ್ಕಕ್ಕೆ ಅದು ಮನೆಯ ಹೊರಗೆ, ಹಾಸಿಗೆಯಿಂದ ಮಾತ್ರ ಎಂಟೇ ಹೆಜ್ಜೆ.

ಇಂಗುಗುಂಡಿ ಎಲ್ಲಿ ತೋಡಬೇಕು ಅನ್ನುವುದನ್ನು ಮೊದಲೇ ಯೋಚಿಸಿ. ಬಾವಿಯಿಂದ ಕನಿಷ್ಠ 60 ಅಡಿ ದೂರ ಇರಲಿ, ಬಾವಿಗಿಂತ ಎತ್ತರದ ಜಾಗದಲ್ಲಿ ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ನೆಲದ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ ಅಲ್ವಾ, ಗುಂಡಿಯ ನೀರು ಬಾವಿಗೆ ಸೇರಲು ಹೊತ್ತು ಬೇಕಿಲ್ಲ.

ಬಚ್ಚಲಿನ ಒಳಗೆ ಗಮನಿಸಬೇಕಾದ ಅಳತೆಗಳು ಹೀಗಿವೆ. ಬಾಗಿಲು ತೆರೆದಾಗ ಸಿಗುವ ದಾರಿ 3 ಅಡಿ ಇರಬೇಕು. ಇವತ್ತು ವೀಲ್‌ಚೇರ್ ಬೇಡದಿದ್ದರೂ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡು ಹೋಗಲು ಅಷ್ಟು ಬೇಕೇ ಬೇಕು. ಒಳಗೆ 5 ಅಡಿ ಅಗಲ, 5 ಅಡಿ ಉದ್ದದ ಖಾಲಿ ಜಾಗ ಸಿಕ್ಕರೆ ವೀಲ್‌ಚೇರ್ ಸುತ್ತ ತಿರುಗುತ್ತದೆ. ಬಾಗಿಲು ಹೊರಕ್ಕೇ ತೆರೆಯಬೇಕು, ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದು ಇರಬೇಕು. ಬೇರೆ ಏನು ಮಾಡದಿದ್ದರೂ ಈ ಬಾಗಿಲಿನ ಕೆಲಸ ಈ ವಾರವೇ ಮಾಡಿಸಿ. ಬಡಗಿಗೆ ಅರ್ಧ ದಿನದ ಕೆಲಸ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಕಮೋಡ್ 15, 16 ಇಂಚು ಎತ್ತರ ಇರುತ್ತದೆ. ಮಂಡಿ ನೋವಿರುವವರಿಗೆ ಅದರಿಂದ ಏಳುವುದು ಕಷ್ಟ. ಕೂರುವ ಜಾಗ ನೆಲದಿಂದ 18, 19 ಇಂಚು ಬರುವ ಹಾಗೆ ಕೇಳಿ, ಇಲ್ಲವೇ ಕೆಳಗೆ ಸಣ್ಣ ಕಟ್ಟೆ ಹಾಕಿಸಿ ಕೂರಿಸಿ. ತೀರಾ ಗಿಡ್ಡ ಇರುವವರಿಗೆ ಕಾಲು ನೆಲಕ್ಕೆ ತಾಗಬೇಕು, ಹಾಗಾಗಿ ಅವರನ್ನೇ ಕುರ್ಚಿಯ ಮೇಲೆ ಕೂರಿಸಿ ಅಳತೆ ತೆಗೆಯುವುದು ಒಳ್ಳೆಯದು. ಈ ವರ್ಷ ಹೊಸದಾಗಿ ಕಟ್ಟಿಸಲು ಆಗದಿದ್ದರೆ, ಮೆಡಿಕಲ್ ಅಂಗಡಿಗಳಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ. ಹಳೆ ಕಕ್ಕಸಿನ ಮೇಲೇ ಇಟ್ಟುಕೊಳ್ಳಬಹುದು, ರಾತ್ರಿ ಹಾಸಿಗೆ ಪಕ್ಕದಲ್ಲೂ ಇಡಬಹುದು.

ಹಂಡೆಯ ಬಗ್ಗೆ ಸ್ವಲ್ಪ ಹೇಳಬೇಕು. ಬಚ್ಚಲೊಲೆಯ ಬಿಸಿನೀರಿನ ಸುಖವನ್ನು ಯಾರೂ ಬಿಡುವುದಿಲ್ಲ, ಬಿಡಿಸುವುದೂ ಬೇಡ. ಆದರೆ ಬಗ್ಗಿ ಹಂಡೆಯಿಂದ ಕುದಿಯುವ ನೀರು ಮೊಗೆದು, ಹಿಂದೆ ತಿರುಗಿ ಬಕೆಟಿಗೆ ಹಾಕುವುದಿದೆಯಲ್ಲ, ಅದು ಅಪಾಯ. ಕಾಲು ಜಾರಿದರೆ ಒಂದು ಕಡೆ ಒಲೆ, ಇನ್ನೊಂದು ಕಡೆ ಬಿಸಿನೀರು. ಹಂಡೆ ಬದಲು ನಲ್ಲಿ ಇರುವ ಬಾಯ್ಲರ್ ಕೂರಿಸಿ, ಒಲೆಯ ಬಾಯಿ ಹೊರಗಿನಿಂದ ಬರುವ ಹಾಗೆ ಮಾಡಿದರೆ ಬೆಂಕಿ ಆಚೆ, ನೀರು ಈಚೆ. ಹೊಗೆಯೂ ಒಳಗೆ ಬರುವುದಿಲ್ಲ. ಬಕೆಟನ್ನು ನೆಲದಲ್ಲಿ ಇಡದೆ ಒಂದೂವರೆ ಅಡಿಯ ಕಟ್ಟೆಯ ಮೇಲೆ ಇಡಿ. ಸ್ನಾನ ಕೂತೇ ಮಾಡಲಿ, ರಬ್ಬರ್ ಕಾಲಿನ ಸ್ಟೂಲು ಸಾಕು. ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸುವ ಅಭ್ಯಾಸ ಇರಲಿ. ವಯಸ್ಸಾದವರ ಚರ್ಮ ತೆಳು, ಬೇಗ ಸುಡುತ್ತದೆ.

ಹಿಡಿಕೆ ಕಂಬಿ ಹಾಕುವ ಮೊದಲು ಗೋಡೆ ನೋಡಿ

ನಾವು ಮಾಡಿದ ದೊಡ್ಡ ತಪ್ಪು ಇಲ್ಲೇ. ಅಮ್ಮ ಬಿದ್ದ ಮೇಲೆ ಪೇಟೆಯಿಂದ ಒಳ್ಳೆಯ ಸ್ಟೀಲ್ ಕಂಬಿ ತಂದು, ಅದೇ ಗೋಡೆಗೆ ಇನ್ನೂ ಉದ್ದದ ಸ್ಕ್ರೂ ಹಾಕಿಸಿದೆವು. ನಾನು ಒಮ್ಮೆ ಜೋರಾಗಿ ಜಗ್ಗಿ ನೋಡಿದೆ. ಪ್ಲಗ್ ಸಮೇತ ಅಲ್ಲಾಡಿತು.

ಕಂಬಿ ಎಷ್ಟೇ ಗಟ್ಟಿ ಇದ್ದರೂ ಅದನ್ನು ಹಿಡಿದುಕೊಳ್ಳುವುದು ಗೋಡೆ. ಮಲೆನಾಡಿನ ಹಳೆ ಗೋಡೆ ಮಣ್ಣಿನದು, ಇಲ್ಲವೇ ಜಂಬಿಟ್ಟಿಗೆಯದು. ಮಣ್ಣಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಜಂಬಿಟ್ಟಿಗೆಯಲ್ಲಿ ತೂತುಗಳು ಜಾಸ್ತಿ, ಪ್ಲಗ್ ಮೊದಲು ಗಟ್ಟಿ ಅನ್ನಿಸಿ ಬರಬರುತ್ತಾ ಸಡಿಲ ಆಗುತ್ತದೆ. ಇದಕ್ಕೆ ಎರಡು ದಾರಿ ಇವೆ. ಒಂದು, ಗೋಡೆಯ ಆರುಪಾರು ತೂತು ಕೊರೆದು ಉದ್ದದ ಥ್ರೆಡ್ ರಾಡ್ ಹಾಯಿಸಿ, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು ನಟ್ ಬಿಗಿಯುವುದು. ಎರಡನೆಯದು, ಗೋಡೆಯ ಸಹವಾಸವೇ ಬೇಡ ಅಂತ ನೆಲಕ್ಕೆ ಕಾಂಕ್ರೀಟು ಹಾಕಿ ಒಂದು ಪೈಪು ನಿಲ್ಲಿಸಿ, ಮೇಲೆ ತೊಲೆಗೆ ಕಟ್ಟುವುದು. ಹಾಸಿಗೆ ಪಕ್ಕಕ್ಕೆ, ಕಮೋಡ್ ಪಕ್ಕಕ್ಕೆ ನಾವು ಮಾಡಿದ್ದು ಈ ಎರಡನೆಯದು. ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಟ್ಟರು. ಅಮ್ಮ ಅದನ್ನು ಅಪ್ಪಿಕೊಂಡು ಏಳುತ್ತಾರೆ. ಇಟ್ಟಿಗೆ, ಕಾಂಕ್ರೀಟು ಗೋಡೆ ಇದ್ದರೆ ಆಂಕರ್ ಬೋಲ್ಟ್ ಸಾಕು. ಟೈಲ್ಸ್‌ಗಷ್ಟೇ ಅಂಟಿಸುವ, ಗಾಳಿ ಒತ್ತಿ ಕೂರಿಸುವ ಹಿಡಿಕೆಗಳನ್ನು ನಂಬಬೇಡಿ.

ಕಂಬಿಯ ದಪ್ಪ ಒಂದೂವರೆ ಇಂಚು, ಗೋಡೆಗೂ ಅದಕ್ಕೂ ನಡುವೆ ಎರಡು ಇಂಚು ಸಂದು ಇದ್ದರೆ ಬೆರಳು ಸುತ್ತ ಬರುತ್ತವೆ. ಕಮೋಡ್ ಪಕ್ಕದ ಅಡ್ಡ ಕಂಬಿ ನೆಲದಿಂದ 28ರಿಂದ 30 ಇಂಚು. ಅದರ ಮುಂದಿನ ತುದಿಯಲ್ಲಿ ಒಂದು ನೆಟ್ಟಗಿನ ಕಂಬಿ ಸೇರಿಸಿದರೆ ಎಳೆದುಕೊಂಡು ಏಳಲು ಅನುಕೂಲ. ಹಾಕಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಭಾರ ಇರುವವರು ಪೂರ್ತಿ ಜೋತು ನೋಡಬೇಕು. ಆಗಲೂ ಅಲ್ಲಾಡಬಾರದು.

ನೆಲ

ಮೆರುಗು ಕೊಟ್ಟ ಕೆಂಪು ಕಾವಿ ನೆಲ ಬೇಸಿಗೆಯಲ್ಲಿ ಎಷ್ಟು ತಂಪೋ, ಮಳೆಗಾಲದಲ್ಲಿ ಅಷ್ಟೇ ಮೋಸ. ನೀರು ಚೆಲ್ಲದಿದ್ದರೂ ನೆಲ ಬೆವರುತ್ತದೆ. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಇನ್ನೂ ಕೆಟ್ಟದ್ದು. ಇದ್ದ ನೆಲ ಅಗೆಯಬೇಕಿಲ್ಲ. ಹಿರಿಯರು ಓಡಾಡುವ ದಾರಿಯಲ್ಲಿ ಮಾತ್ರ, ಅಡಿಗೆ ರಬ್ಬರ್ ಇರುವ ಉದ್ದನೆಯ ಮ್ಯಾಟ್ ಹಾಸಿ, ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ. ಗೋಣಿಚೀಲ, ಹಳೆ ಸೀರೆಯ ಕಾಲೊರೆಸು ಈ ದಾರಿಯಲ್ಲಿ ಬೇಡ. ಕಾಲು ಒರೆಸುವಾಗಲೇ ಜಾರುತ್ತವೆ. ಬಚ್ಚಲಿಗೆ ಹೊಸ ನೆಲ ಹಾಕಿಸುವುದಾದರೆ ಒರಟು ಮುಖದ ಸಣ್ಣ ಟೈಲ್ಸ್ ಆರಿಸಿ. ಟೈಲ್ಸ್ ಸಣ್ಣದಾದಷ್ಟೂ ಸಂದು ಜಾಸ್ತಿ, ಕಾಲಿಗೆ ಹಿಡಿತ ಜಾಸ್ತಿ. ಒರಟು ಚಪ್ಪಡಿ ಕಲ್ಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಹೊರಗಿನ ಶತ್ರು ಪಾಚಿ. ಆಗುಂಬೆಯಲ್ಲಿ ವರ್ಷದ ಮಳೆ ಸರಾಸರಿ 7000 ಮಿಲಿಮೀಟರ್ ದಾಟುತ್ತದೆ. ಅಷ್ಟು ಬೀಳದ ಊರುಗಳಲ್ಲೂ ಅಂಗಳ, ಮೆಟ್ಟಿಲು ಜುಲೈ ಹೊತ್ತಿಗೆ ಹಸಿರು ಕಟ್ಟುತ್ತವೆ. ಬ್ಲೀಚಿಂಗ್ ಪುಡಿ ಹಾಕಿ, ಗಟ್ಟಿ ಬ್ರಷ್ಷಿನಲ್ಲಿ ಉಜ್ಜುವ ಕೆಲಸ ವರ್ಷಕ್ಕೊಮ್ಮೆ ಮಾಡಿದರೆ ಸಾಲದು. ಮೇ ಕೊನೆಗೆ ಒಮ್ಮೆ, ಮಳೆ ಹೊಳವಾದಾಗಲೆಲ್ಲಾ ಮತ್ತೊಮ್ಮೆ. ಕೆಸರು ದಾಟಲು ಹಾಕುವ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಒಂದೆರಡು ಮಳೆಗೆ ಎಣ್ಣೆ ಸವರಿದ ಹಾಗೆ ಆಗುತ್ತದೆ. ಹಿರಿಯರ ದಾರಿಯಲ್ಲಿ ಅದು ಖಂಡಿತ ಬೇಡ.

ಹೊಸ್ತಿಲು, ಜಗಲಿ, ಮೆಟ್ಟಿಲು

ಹೆಬ್ಬಾಗಿಲಿನ ಹೊಸ್ತಿಲು ಪೂಜೆ ಮಾಡುವ ಜಾಗ. ಅದನ್ನು ಕತ್ತರಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಳಕೋಣೆಗಳ ಹೊಸ್ತಿಲನ್ನು ಮಾತ್ರ ಧೈರ್ಯವಾಗಿ ತೆಗೆಸಿ, ಅಥವಾ ಎರಡೂ ಕಡೆ ಇಳಿಜಾರಾದ ಮರದ ತುಂಡು ಕೂರಿಸಿ. ಹೆಬ್ಬಾಗಿಲಿಗೆ ದಾರಂದದ (ಬಾಗಿಲ ಚೌಕಟ್ಟಿನ) ಎರಡೂ ಬದಿಗೆ ಒಂದೊಂದು ನೆಟ್ಟಗಿನ ಹಿಡಿಕೆ ಹಾಕಿ. ಹಳೆ ದಾರಂದದ ಮರ ಗಟ್ಟಿ, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ.

ಇಳಿಜಾರು ದಾರಿ ಮಾಡಿಸುವವರು ಒಂದು ಲೆಕ್ಕ ನೆನಪಿಡಿ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಜಗಲಿ ಅಂಗಳದಿಂದ 21 ಇಂಚು ಎತ್ತರ ಇದ್ದರೆ ಇಳಿಜಾರು 21 ಅಡಿ ಬೇಕು. ಅಷ್ಟು ಜಾಗ ಇಲ್ಲ ಅಂತ 8 ಅಡಿಯಲ್ಲಿ ಮುಗಿಸಿದರೆ ವೀಲ್‌ಚೇರ್ ಹಿಂದಕ್ಕೆ ಉರುಳುತ್ತದೆ, ನಡೆಯುವವರೂ ಜಾರುತ್ತಾರೆ. ಮುಂದೆ ಜಾಗ ಇಲ್ಲದಿದ್ದರೆ ಮನೆಯ ಪಕ್ಕದ ಗೋಡೆಗುಂಟ ತನ್ನಿ. ಮೇಲೆ ಶೀಟೋ ಹೆಂಚೋ ಹೊದಿಸಿ, ನೆಲಕ್ಕೆ ಕಾಂಕ್ರೀಟು ಹಸಿ ಇರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡ ಗೆರೆ ಎಳೆಸಿ.

ಬರೀ ನಡೆಯುವವರಿಗೆ ಇಳಿಜಾರಿಗಿಂತ ಒಳ್ಳೆಯ ಮೆಟ್ಟಿಲೇ ಹಿತ. 6 ಇಂಚು ಎತ್ತರ, 12 ಇಂಚು ಅಗಲ, ಎಲ್ಲಾ ಮೆಟ್ಟಿಲೂ ಒಂದೇ ಅಳತೆ. ಎಡವುವುದು ಹೆಚ್ಚಾಗಿ ಅಳತೆ ತಪ್ಪಿದ ಮೆಟ್ಟಿಲಿನಲ್ಲಿ. ಎರಡೂ ಕಡೆ ಹಿಡಿಕೆ ಕಂಬಿ ಇರಲಿ, ಕೊನೆಯ ಮೆಟ್ಟಿಲು ಮುಗಿದ ಮೇಲೂ ಒಂದು ಅಡಿ ಮುಂದಕ್ಕೆ ಬರಲಿ. ಮೆಟ್ಟಿಲಿನ ಅಂಚಿಗೆ ಎರಡು ಇಂಚು ಅಗಲದ ಬಿಳಿ ಬಣ್ಣದ ಪಟ್ಟಿ ಎಳೆಯಿರಿ. ಕೆಂಪು ನೆಲದ ಮೇಲೆ ರಂಗೋಲಿ ಎಳೆ ಎದ್ದು ಕಾಣುವ ಹಾಗೆ ಅದು ಮಬ್ಬಿನಲ್ಲೂ ಕಾಣುತ್ತದೆ.

ಜಗಲಿಯನ್ನು ಮಾತ್ರ ಮುಟ್ಟಬೇಡಿ. ಗ್ರಿಲ್ ಹಾಕಿ, ಗಾಜು ಹಾಕಿ ರೂಮು ಮಾಡುವವರಿದ್ದಾರೆ. ನನಗೆ ಬೇಜಾರಾಗುತ್ತದೆ. ಹೋಗಿ ಬರುವವರನ್ನು ಮಾತಾಡಿಸುತ್ತಾ, ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟು ಕೂರುವ ಜಾಗ ಅದು. ಒಂದೂವರೆ ಅಡಿಯ ಜಗಲಿ ಕಟ್ಟೆ ಮಂಡಿ ನೋವಿನವರಿಗೂ ಕೂತು ಏಳಲು ಸರಿಯಾದ ಎತ್ತರ. ಕೂರುವ ಜಾಗದ ಪಕ್ಕದ ಕಂಬಕ್ಕೆ ಒಂದು ಹಿಡಿಕೆ ಸೇರಿಸಿದರೆ ಆಯಿತು.

ಬೆಳಕು ಮತ್ತು ಕರೆಂಟು

60 ದಾಟಿದ ಕಣ್ಣಿನೊಳಕ್ಕೆ ಹೋಗುವ ಬೆಳಕು 20ರ ಹರೆಯದವರ ಕಣ್ಣಿಗೆ ಹೋಗುವುದರ ಸುಮಾರು ಮೂರನೇ ಒಂದು ಪಾಲು. ನಿಮಗೆ ಸಾಕು ಅನ್ನಿಸುವ ಬಲ್ಬು ಅವರಿಗೆ ಸಾಲದು. ದಪ್ಪ ಗೋಡೆ, ಸಣ್ಣ ಕಿಟಕಿಯ ಮನೆಗಳಲ್ಲಿ ನಾಲ್ಕಾರು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದರೆ ಹಗಲಿಗೆ ಅದೇ ದೊಡ್ಡ ಉಪಕಾರ. ರಾತ್ರಿಗೆ, ಆಳು ಓಡಾಡಿದರೆ ತಾನೇ ಹತ್ತುವ ಸೆನ್ಸರ್ ದೀಪಗಳನ್ನು ಹಾಸಿಗೆಯಿಂದ ಬಚ್ಚಲವರೆಗೆ ನೆಲದ ಹತ್ತಿರ ಹಾಕಿಸಿ. ಅವನ್ನು ಯುಪಿಎಸ್ ಲೈನಿಗೇ ಸೇರಿಸಬೇಕು. ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋದಾಗ ಯುಪಿಎಸ್ಸೂ ಕೈ ಕೊಡುತ್ತದೆ, ಹಾಗಾಗಿ ದಿಂಬಿನ ಪಕ್ಕ ಒಂದು ಟಾರ್ಚ್ ದಾರ ಕಟ್ಟಿ ನೇತುಹಾಕಿ.

ಸ್ವಿಚ್ಚುಗಳು ನೆಲದಿಂದ 3ರಿಂದ 3.5 ಅಡಿ ಎತ್ತರದಲ್ಲಿ, ಪ್ಲಗ್ ಹಾಕುವ ಸಾಕೆಟ್ 2 ಅಡಿ ಮೇಲೆ ಇದ್ದರೆ ಬಗ್ಗುವುದು ತಪ್ಪುತ್ತದೆ. ಗೋಡೆ ಒದ್ದೆಯಾಗುವ ಊರು ನಮ್ಮದು, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸದೆ ಬಚ್ಚಲಿನಲ್ಲಿ ಗೀಸರ್ ಇಡಬೇಡಿ. ಬಚ್ಚಲಿನಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಒಂದು ಬೆಲ್ ಒತ್ತುಗುಂಡಿ ಇರಲಿ. ನೀರು ತಾಗದ, ಬ್ಯಾಟರಿಯಲ್ಲಿ ನಡೆಯುವ ವೈರ್‌ಲೆಸ್ ಬೆಲ್ ಆದರೆ ಕರೆಂಟು ಹೋದಾಗಲೂ ಕೇಳುತ್ತದೆ. ಬಿದ್ದವರ ಕೈಗೆ ಎಟುಕುವುದು ಅಷ್ಟೇ ಎತ್ತರ, ಅದಕ್ಕೇ ಒಂದು ಅಡಿ.

ಅಡುಗೆ ಮನೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ದಿನಾ ಬೇಕಾಗುವ ಡಬ್ಬಗಳು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಇರಲಿ. ಅಟ್ಟಕ್ಕೆ ಏಣಿ ಹತ್ತುವ ಕೆಲಸ ಪೂರ್ತಿ ನಿಲ್ಲಲಿ, ಉಪ್ಪಿನಕಾಯಿ ಜಾಡಿ ಕೆಳಗೆ ಬರಲಿ. ಮೆಟ್ಟುಕತ್ತಿಯಲ್ಲಿ ಹೆಚ್ಚಿ ರೂಢಿಯಾದವರಿಗೆ ಚಾಕು ಕೊಟ್ಟರೆ ಕೈ ಕೊಯ್ದುಕೊಳ್ಳುತ್ತಾರೆ. ನಾವು ಅಗಲವಾದ ಗಟ್ಟಿ ಬೆಂಚು ಮಾಡಿಸಿ, ಅದರ ಒಂದು ತುದಿಯಲ್ಲಿ ಮೆಟ್ಟುಕತ್ತಿ ಬಿಗಿದೆವು. ಈಗಲೂ ಅಮ್ಮನೇ ಬೆಂಚಿನ ಮೇಲೆ ಕೂತು ಬಾಳೆಕಾಯಿ ಹೆಚ್ಚುತ್ತಾರೆ.

ಪೇಟೆಯಲ್ಲಿ ಹೊಸ ಮನೆ ಕಟ್ಟುವವರಿಗೆ

ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಬಡಾವಣೆಗಳಲ್ಲಿ 30×40 ಸೈಟು ಇದ್ದರೆ, ಕೆಳಗೆ ಕಾರು ಮತ್ತು ಬಾಡಿಗೆ ಮನೆ, ಮೇಲೆ ನಾವು ಅಂತ ಕಟ್ಟುವುದು ರೂಢಿ. 45ರಲ್ಲಿ ಮೆಟ್ಟಿಲು ಲೆಕ್ಕಕ್ಕಿಲ್ಲ. 70ರಲ್ಲಿ ಅದೇ ಮೆಟ್ಟಿಲು ಮನುಷ್ಯನನ್ನು ಮನೆಯೊಳಗೇ ಕಟ್ಟಿ ಹಾಕುತ್ತದೆ. ಕೆಳಗಿನ ಮನೆ ನೀವೇ ಇಟ್ಟುಕೊಳ್ಳಿ, ಮೇಲಿನದನ್ನು ಬಾಡಿಗೆಗೆ ಕೊಡಿ. ಅದು ಆಗದಿದ್ದರೆ ಕೆಳಗೆ ಒಂದು ಮಲಗುವ ಕೋಣೆ, ಬಚ್ಚಲನ್ನಾದರೂ ನಿಮಗೆ ಅಂತ ಉಳಿಸಿ. ಮುಂದೆ ಲಿಫ್ಟ್ ಹಾಕುವ ಯೋಚನೆ ಇದ್ದರೆ ಪ್ರತಿ ಮಹಡಿಯಲ್ಲೂ ಒಂದರ ಮೇಲೊಂದು ಬರುವ ಹಾಗೆ 5×5 ಅಡಿ ಜಾಗ ಬಿಡಿ. ಅಲ್ಲಿಯವರೆಗೆ ಅಲ್ಲೇ ಕಪಾಟು ಮಾಡಿಕೊಳ್ಳಬಹುದು. ಬಚ್ಚಲಿನ ಗೋಡೆಯನ್ನು ಗಟ್ಟಿ ಇಟ್ಟಿಗೆ ಇಲ್ಲವೇ ಗಟ್ಟಿ ಬ್ಲಾಕಿನಲ್ಲಿ ಕಟ್ಟಿಸಿ, ಟೊಳ್ಳು ಬ್ಲಾಕಿನಲ್ಲಿ ಬೇಡ. ಮುಂದೊಂದು ದಿನ ಕಂಬಿ ಬೇಕಾದಾಗ ಹಿಡಿತ ಸಿಗಬೇಕಲ್ಲ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡ್ ಮಾಡಿದರೆ ಮಂಜು ಕಣ್ಣಿಗೆ ಯಾವುದು ಎಲ್ಲಿದೆ ಗೊತ್ತಾಗುವುದಿಲ್ಲ, ನೆಲದ ಬಣ್ಣ ಗಾಢ ಇರಲಿ.

ಅಂಗಳದಿಂದ ರಸ್ತೆಗೆ

ಮನೆಯೊಳಗೆ ಎಲ್ಲಾ ಸರಿ ಮಾಡಿ ದಣಪೆ (ದನ ನುಗ್ಗದಂತೆ ಬೇಲಿಯ ದಾರಿಗೆ ಅಡ್ಡ ಹಾಕುವ ಗಳುಗಳು) ಹಾಗೇ ಬಿಟ್ಟರೆ ಹಿರಿಯರು ಅಂಗಳ ಬಿಟ್ಟು ಆಚೆ ಹೋಗುವುದಿಲ್ಲ. ದಣಪೆ ದಾಟಲು ಒಂದು ಕಾಲಲ್ಲಿ ನಿಲ್ಲಬೇಕು. ಅದರ ಪಕ್ಕದಲ್ಲೇ ನಾಲ್ಕು ಅಡಿಯ ಸಣ್ಣ ಗೇಟು ಮಾಡಿಸಿ. ಕಾರು, ಆಂಬುಲೆನ್ಸ್ ಅಂಗಳದವರೆಗೆ ಬರುತ್ತದಾ ಅಂತ ಮಳೆಗಾಲದಲ್ಲೇ ಪರೀಕ್ಷೆ ಮಾಡಿ. ಅಮ್ಮನನ್ನು ಆ ರಾತ್ರಿ ಕುರ್ಚಿಯ ಮೇಲೆ ಕೂರಿಸಿ, ನಾನು ಮತ್ತು ಪಕ್ಕದ ಮನೆಯ ಹುಡುಗ ಕೆಸರಿನಲ್ಲಿ ರಸ್ತೆಯವರೆಗೆ ಹೊತ್ತುಕೊಂಡು ಹೋದೆವು. ಈಗ ಎರಡು ಚಕ್ರದ ಸಾಲಿಗೆ ಜಲ್ಲಿ ಹಾಕಿಸಿದ್ದೇವೆ. 108, ಹಿರಿಯರ ಸಹಾಯವಾಣಿ 14567, ಪಕ್ಕದ ಮನೆಯವರ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮನೆಯೊಳಗೆ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತುವ ಊರಾದರೆ ಫೈಬರ್ ಇಲ್ಲವೇ ಲ್ಯಾಂಡ್‌ಲೈನ್ ಹಾಕಿಸಿ, ಅದರ ಪೆಟ್ಟಿಗೆಯನ್ನೂ ಯುಪಿಎಸ್‌ಗೆ ಸೇರಿಸಿ.

ಕೆಲಸ ಎಲ್ಲಾ ಮುಗಿದ ಮೇಲೆ ಜೂನಿನ ಮೊದಲ ಜಡಿಮಳೆಯ ರಾತ್ರಿ ಆ ಸೀಮೆಸುಣ್ಣ ಹಿಡಿದು ಮತ್ತೊಮ್ಮೆ ನಡೆಯಿರಿ, ಈ ಸಲ ಹಿರಿಯರ ಜೊತೆಗೆ. ನಾವು ಹಾಗೆ ನಡೆದಾಗ ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು, "ಇದು ಒಂದು ಚೂರು ಕೆಳಗೆ ಬರ್ಲಿ ಮಾರಾಯ" ಅಂದರು. ಮಣಿಕಟ್ಟು ಮುರಿದಿದ್ದ ಕೈ ಈಗಲೂ ಪೂರ್ತಿ ಮೇಲೆ ಏಳುವುದಿಲ್ಲ ಅನ್ನುವುದು ನಮಗೆ ಹೊಳೆದಿರಲಿಲ್ಲ. ಮರುದಿನ ವೆಲ್ಡಿಂಗಿನವರನ್ನು ಕರೆಸಿ ಕಂಬಿಯನ್ನು ಮೂರು ಇಂಚು ಕೆಳಗೆ ಇಳಿಸಿದೆವು.